ಹಿಂದೆ ಬರುವವರಿಗೆ

ಸೇತುವೆ ಇಳಿಯುವಾಗ ಬಗಲಿಗೆ ಬಂದ ಮೊಪೆಡ್ಡಿನವನು
ಹೆಲ್ಮೆಟ್ಟಿನೊಳಗಿಂದಲೇ ಕೂಗಿದ:
"ಅಕ್ಕಾ, ನಿಮ್ಮ ಬ್ರೇಕ್ ಲೈಟು ಸತ್ತಿದೆ!"
ಸತ್ತು ಎಷ್ಟು ದಿನವಾಗಿತ್ತೋ.
ನಾನಂತೂ ದಿನಾ ತುಳಿಯುತ್ತಿದ್ದೆ, ವ್ಯಾನು ನಿಲ್ಲುತ್ತಿತ್ತು,
ನಿಂತದ್ದೇ ಸಾಕ್ಷಿ ಎಂದುಕೊಂಡಿದ್ದೆ.

ಕಳೆದ ವಾರ ಮಂಡಗದ್ದೆಯ ತಿರುವಿನಲ್ಲಿ
ಜಲ್ಲಿ ಲಾರಿಯೊಂದು ಬೆನ್ನಿಗೆ ಮೂಗು ತಾಗಿಸುವಷ್ಟು ಹತ್ತಿರ ಬಂದು
ಕಿರ್ರನೆ ನಿಂತಾಗ
ಅದರ ಡ್ರೈವರನನ್ನು ವಂಶಸಮೇತ ಬೈದಿದ್ದೆ.
ಈಗ ಗೇರು ಬದಲಿಸುತ್ತ ಒಬ್ಬಳೇ ನಾಚಿದೆ.

ಆಟೋ ಕಾಂಪ್ಲೆಕ್ಸಿನ ಮೇಸ್ತ್ರಿ, ಬಿಟ್ಟು ಹೋಗಿ, ನಾಡಿದ್ದು ನೋಡೋಣ ಎಂದ.
ನಾಡಿದ್ದಿನ ತನಕ ಕೋಳಿಗಳು ಸುಮ್ಮನಿರುತ್ತವೆಯೇ?
ಮೂವತ್ತರ ಟ್ರೇ ನಲವತ್ತು, ಬೆಳಗ್ಗೆ ಆರಕ್ಕೆ ಹೊರಡಬೇಕು ತೀರ್ಥಹಳ್ಳಿಗೆ.
ತೊಂಬತ್ತೈದು ರೂಪಾಯಿಗೆ ಒಂದು ಸ್ವಿಚ್ಚು.
ಪರ್ಸಿನಲ್ಲಿ ಹುಣಸೆ ಬೀಜದ ಹಾಗೆ ಅಲ್ಲಾಡುತ್ತ ಬಂತು.

ಗೋಪಾಳದ ನಮ್ಮ ಓಣಿಯಲ್ಲಿ ಈಗ
ನನ್ನ ಎರಡು ಕಾಲು ಮಾತ್ರ ಹೊರಗೆ.
ತಲೆ ಪೆಡಲುಗಳ ಕೆಳಗೆ, ಬೆನ್ನಡಿ ಗೋಣಿಚೀಲ,
ಬಾಯಲ್ಲಿ ಟಾರ್ಚು.
ಹೋಗಿಬರುವವರು ಕಾಲಿನ ಜೊತೆಗೇ ಮಾತಾಡುತ್ತಾರೆ:
"ಜಲಜಕ್ಕಾ, ಗಂಡಸರು ಯಾರೂ ಇಲ್ವಾ ಮನೇಲಿ?"
ಇದ್ದಾರೆ. ಒಳಗೆ ಮ್ಯಾಚು ನೋಡುತ್ತಿದ್ದಾರೆ.
ಬಾಯಲ್ಲಿ ಟಾರ್ಚಿದ್ದದ್ದು ಒಳ್ಳೆಯದೇ ಆಯಿತು.

ಫ್ಯೂಸು ಸರಿ, ಬಲ್ಬೂ ಸರಿ.
ಸ್ವಿಚ್ಚಿನ ವೈರು ಕಿತ್ತು, ಎರಡರ ನಡುವೆ ಸೇಫ್ಟಿ ಪಿನ್ನು ಸಿಕ್ಕಿಸಿ
"ಹತ್ತಿತಾ?" ಎಂದೆ.
ಹಿಂದೆ ನಿಲ್ಲಿಸಿದ್ದು ಪಕ್ಕದ ಮನೆಯ ತೌಫೀಕನನ್ನು, ನಾಲ್ಕನೇ ಕ್ಲಾಸು.
"ಹತ್ತಿತು!"
ಪಿನ್ನು ತೆಗೆದೆ. "ಈಗ?"
"ಹತ್ತಿತು!"
ಏನೂ ಮಾಡದೆ ಕೇಳಿದೆ. "ಈಗ?"
"ಎರಡು ಸಲ ಹತ್ತಿತು!"

ಅವನನ್ನು ಓಡಿಸಿ ಅತ್ತೆಗೆ ಕುರ್ಚಿ ಹಾಕಿದೆ.
ಕಿವಿ ಮಂದ, ಒಂದು ಕಣ್ಣಿಗೆ ಪೊರೆ,
ಆದರೆ ಇಪ್ಪತ್ತು ವರ್ಷದಲ್ಲಿ ನನ್ನನ್ನು ಮೆಚ್ಚಿಸಲು
ಒಂದು ಸುಳ್ಳನ್ನೂ ಹೇಳಿದವರಲ್ಲ.
ಕೆಂಪಗಾದರೆ ಕೋಲಿನಿಂದ ಡಬ್ಬಕ್ಕೆ ಬಡೀರಿ ಎಂದು
ಕಿವಿಯ ಹತ್ತಿರ ಕೂಗಿ ಬಂದೆ.
ಪಿನ್ನು ಸಿಕ್ಕಿಸಿದೆ. ಟಣ್.
ತೆಗೆದೆ. ಸದ್ದಿಲ್ಲ.

ಹಳೆಯದನ್ನು ಬಿಚ್ಚಿದಾಗಲೇ ಗೊತ್ತಾದದ್ದು ಅದರ ಕೆಲಸ.
ನಾನು ಉಲ್ಟಾ ತಿಳಿದಿದ್ದೆ.
ಪೆಡಲು ಸುಮ್ಮನಿರುವಷ್ಟೂ ಹೊತ್ತು ಅದರ ಮೊಳೆಯನ್ನು ಅದುಮಿಟ್ಟಿರುತ್ತದೆ;
ಕಾಲಿಟ್ಟರೆ ಪೆಡಲು ದೂರ ಸರಿಯುತ್ತದೆ,
ಮೊಳೆ ಹೊರಗೆ ಬರುತ್ತದೆ, ಹಿಂದೆ ದೀಪ.
ಒತ್ತಿದಷ್ಟು ಕತ್ತಲು, ಬಿಟ್ಟರೆ ಬೆಳಕು.
ಇದಂತೂ ಹದಿನೈದು ವರ್ಷ ಅದುಮಿಸಿಕೊಂಡು
ಬಿಟ್ಟರೂ ಹೊರಗೆ ಬರುವುದನ್ನು ಮರೆತಿತ್ತು.
ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಮಲಗಿಯೇ ಇದ್ದೆ.
ಬೇರೇನೂ ಯೋಚಿಸಲಿಲ್ಲ ಎಂದರೆ
ಅತ್ತೆಯೂ ನಂಬುವುದಿಲ್ಲ.

ಹೊಸದನ್ನು ಕೂರಿಸಿ ನಟ್ಟು ಬಿಗಿದೆ.
ಟಣ್ ಟಣ್ ಟಣ್ ಟಣ್ (ಅತ್ತೆ ನಿಲ್ಲಿಸಲೇ ಇಲ್ಲ).
ಇನ್ನರ್ಧ ಸುತ್ತು ಒಳಗೆ.
ಮೌನ.
ಕೈಯಲ್ಲೇ ಪೆಡಲು ಒತ್ತಿದೆ.
ಟಣ್.
"ಆಯ್ತೇನೇ? ಸೊಳ್ಳೆ ಕಚ್ತಿದೆ" ಎಂದರು.

ಬೆಳಗಿನ ಆರೂವರೆ, ಸಕ್ರೆಬೈಲು.
ಮಂಜಿನೊಳಗಿಂದ ಮೊದಲು ಸರಪಳಿಯ ಸದ್ದು, ಆಮೇಲೆ ಆನೆ.
ರಸ್ತೆ ದಾಟಲು ಅದಕ್ಕೆ ಅವಸರವಿಲ್ಲ, ಹಿಂದೆ ದೀಪವೂ ಇಲ್ಲ.
ತುಳಿದೆ.
ಸಾವಿರದ ಇನ್ನೂರು ಮೊಟ್ಟೆ ಒಮ್ಮೆ ಮುಂದಕ್ಕೆ ವಾಲಿ ಸುಮ್ಮನಾದವು.
ಕನ್ನಡಿಯಲ್ಲಿ ಬಸ್ಸೊಂದು ದೂರದಿಂದಲೇ ನಿಧಾನಿಸಿ ಬಂದು ನಿಂತಿತು.
ಅದರ ದೊಡ್ಡ ಗಾಜಿನ ಕೆಳತುದಿಯಲ್ಲಿ ಎರಡು ಕೆಂಪು ಚುಕ್ಕೆ.
ನನ್ನವೇ ಇರಬೇಕು.
ಕಾಲು ತೆಗೆದೆ, ಇಲ್ಲ.
ತುಳಿದೆ, ಇವೆ.
ತೆಗೆದೆ. ತುಳಿದೆ.
ಬಸ್ಸಿನವನು ಹಾರನ್ ಹೊಡೆದ.
ಆನೆ ಯಾವಾಗಲೋ ದಾಟಿ ಆಗಿತ್ತು.