ಓಸ್ತ್ರಾವಾ ಯಾರ್ಡು, ರಾತ್ರಿ ಪಾಳಿ

ದಿಬ್ಬದಿಂದ ಬಿಟ್ಟ ಕಲ್ಲಿದ್ದಲ ವ್ಯಾಗನ್ನು
ತಾನಾಗಿ ಉರುಳಿ ಬಂದು
ನಿಂತ ಸಾಲಿಗೆ ಧಡ್ಡನೆ ಹಾಯುತ್ತದೆ.
ಸದ್ದು ಒಂದರಿಂದೊಂದಕ್ಕೆ ದಾಟಿ ದಾಟಿ
ಕಟ್ಟಕಡೆಯದು ಗೇಣುದ್ದ ಜರುಗಿ
ಸುಮ್ಮನಾಗುತ್ತದೆ.

ಅಷ್ಟು ರಭಸ,
ಮಿಕ್ಕಿದ್ದೆಲ್ಲ ಎಲ್ಲಿ ಹೋಯಿತು?
ಹೊಸ ಹುಡುಗ ರಾಡಿಮ್ ಕೇಳಿದ.

ವ್ಲಾಸ್ತಾ ಅವನ ಕೈಗವಸು ಕಳಚಿ
ಬಫರಿನ ಉಕ್ಕಿಗೆ ಅಂಗೈ ಒತ್ತಿಸಿದಳು.
ಬರೀ ಕೊರೆತ. ಹಿಮ.
ಏನೂ ಇಲ್ಲವಲ್ಲ, ಅಂದ.
ಇದೆ, ಅಂದಳು, ಒಳಗಿದೆ,
ನಿನ್ನ ಕೈಗೆ ಸಿಗದಷ್ಟು ಬಿಸಿ.
ಒಂದಿಷ್ಟು ಸದ್ದಾಗಿ ಹೋಯಿತು,
ಊರಿನ ನಾಯಿಗಳು ಎದ್ದಿವೆ ನೋಡು.

ಬೆಳಗಾಗಿ ಮನೆಗೆ ಬಂದವಳು
ನಿನ್ನೆ ಮಗಳು ಬಡಿದು ಹೋದ ಬಾಗಿಲ ಬಳಿ
ಚೀಲ ಇಳಿಸದೆ ನಿಂತಳು.
ಚೌಕಟ್ಟಿನ ಪಕ್ಕ, ಗಾರೆಯಲ್ಲಿ,
ಕೂದಲೆಳೆಯಷ್ಟು ಬಿರುಕು.
ಅಲ್ಲಿ ಅಂಗೈಯಿಟ್ಟಳು.