ಹತ್ತು ಬೆರಳಿನ ಲೆಕ್ಕ

ಬೊಗುಮಿಲ್ ರತಾಯ್‌ನ ಎಡಗೈ ಕಿರುಬೆರಳು
ಮುಹರ್ರಕ್‌ಗೆ ಬರುವ ಮೊದಲೇ ಮೂರು ಸಲ ಮುರಿದಿತ್ತು.
ಪಂದ್ಯದ ದಿನ ಅದಕ್ಕೆ ಟೇಪು ಸುತ್ತುವವನು ನಾನು.
ಸುತ್ತಿ, ಹಲ್ಲಿನಿಂದ ಕಚ್ಚಿ ಹರಿಯುತ್ತಿದ್ದೆ
(ಕತ್ತರಿ ಇತ್ತು, ಆದರೂ).
ಕ್ಲಬ್ಬಿನ ಕಾಗದದಲ್ಲಿ ನಾನು ಹಾಲ್ ಸಹಾಯಕ:
ಎರಡು ಮೀಟರಿನ ಗಂಡಸರು ಬಿದ್ದಲ್ಲಿಗೆ ಓಡಿ
ಬೆವರು ಒರೆಸಿ
ಸೀಟಿ ಊದುವುದರೊಳಗೆ ಮಾಯವಾಗಬೇಕು.

ಇದಿನಬ್ಬ ಎನ್ನಲು ಅವನ ನಾಲಿಗೆ ಹೊರಳಲಿಲ್ಲ.
‘ಇಜೆ’ ಎಂದ. ಅವರ ಭಾಷೆಯಲ್ಲಿ
‘ನಡೆದು ಬರುತ್ತಿದ್ದಾನೆ’ ಎಂದಂತೆ.
ಓಡುವುದೇ ನನ್ನ ಕೆಲಸ, ಎಂದೆ. ನಕ್ಕ.

ನೀನೂ ಆಡಿದ್ದೀಯಾ? ಕೇಳಿದ.
ಉಳ್ಳಾಲದ ಕೋಡಿಯಲ್ಲಿ, ಹರಿದ ಮೀನಿನ ಬಲೆ ಕಟ್ಟಿ.
ಚೆಂಡು ತೂತಿನಲ್ಲಿ ನುಸುಳಿದರೆ ಪಾಯಿಂಟೋ ಅಲ್ಲವೋ
ಎಂಬ ಜಗಳ ಮುಗಿಯುವ ಮೊದಲೇ ಮಗ್ರಿಬ್ ಬಾಂಗು.
ಯಾವ ಜಾಗ?
ಸ್ಮ್ಯಾಷರ್, ಎಂದೆ.
ಸುಳ್ಳು. ಅಲೆಗೆ ಬಿದ್ದ ಚೆಂಡು ತರುವವನು ನಾನು.

ಐಸಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂತಾಗ
ಅವನ ಕತೆ ತುಂಡು ತುಂಡಾಗಿ ಬರುತ್ತಿತ್ತು.
ಅಪ್ಪ ಏಳುನೂರು ಮೀಟರ್ ಆಳದ ಕಲ್ಲಿದ್ದಲ ಗಣಿಗೆ ಇಳಿಯುವ ಹೊತ್ತಿಗೆ
ಮಗ ಗಣಿ ಕ್ಲಬ್ಬಿನ ಹಾಲಿನಲ್ಲಿ, ಕತ್ತು ಮೇಲೆತ್ತಿ,
ಸಾವಿರ ಸಲ ಚೆಂಡು ಎತ್ತುತ್ತಿದ್ದ.
ಕೆಂಪು ಬಿಳಿ ಅಂಗಿ ತೊಟ್ಟದ್ದು ಒಂದೇ ಬೇಸಿಗೆ.
ಹದಿಮೂರು ಪಂದ್ಯ ಬೆಂಚು. ಹದಿನಾಲ್ಕನೆಯದಕ್ಕೆ ಕರೆ,
ಒಂದು ಸರ್ವ್, ನೆಟ್ಟಿಗೆ,
ಮತ್ತೆ ಬೆಂಚು.
ಅಮ್ಮ ಆ ಹೊತ್ತಿಗೆ ಚಹಾ ತರಲು ಎದ್ದಿದ್ದಳಂತೆ.
ಆಮೇಲೆ ಇಟಲಿಯ ಎರಡನೇ ದರ್ಜೆ, ಸೈಪ್ರಸ್,
ಐದು ತಿಂಗಳ ಸಂಬಳ ನುಂಗಿದ ಗ್ರೀಸಿನ ಒಂದು ಊರು.
ಹೆಂಡತಿ ಯಾವ ಊರಿನಲ್ಲಿ ಬಿಟ್ಟುಹೋದಳೆಂದು ಹೇಳಲಿಲ್ಲ.
ಬಿಟ್ಟಾಗ ಮಗಳ ಶೂ ಸೈಜು ಇಪ್ಪತ್ತೊಂಬತ್ತು
ಎಂದು ಮಾತ್ರ ಹೇಳಿದ.

‘ಹೊಡೆದವನ ಕೈಯನ್ನು ಎಲ್ಲರೂ ನೋಡುತ್ತಾರೆ, ಇಜೆ.
ಎತ್ತಿಕೊಟ್ಟವನ ಕೈ ನೋಡುವುದು
ಎದುರಾಳಿ ಮಾತ್ರ.’

ನಾನೂ ನೋಡುತ್ತಿದ್ದೆ.
ಚೆಂಡು ಅವನ ಬೆರಳಿಗೆ ತಗುಲಿದ ಸದ್ದೇ ಕೇಳುತ್ತಿರಲಿಲ್ಲ.
ಕಾದ ಕಾವಲಿಯ ಮೇಲಿಂದ ನೀರುದೋಸೆ ಎಬ್ಬಿಸುವ
ನನ್ನ ಉಮ್ಮನ ಬೆರಳೂ ಹಾಗೇ,
ಮುಟ್ಟಿತೋ ಇಲ್ಲವೋ.

ಎಸಿ ಕೆಟ್ಟ ಒಂದು ಸಂಜೆ
ನೆಲವೇ ಬೆವರಿತು.
ಮೂರು ಮೀಟರ್ ಗೆರೆಯ ಒಳಗೆ, ಬಲಕ್ಕೆ,
ಅಂಗೈಯಷ್ಟು ಒದ್ದೆ. ಕಂಡಿದ್ದೆ.
ಸೀಟಿಗೆ ಇನ್ನೂ ಹೊತ್ತಿತ್ತೋ ಏನೋ,
ಓಡಲಿಲ್ಲ.
ಅವನ ಎಡಮಂಡಿ ತಿರುಗಿದ ಸದ್ದು ಮಾತ್ರ
ಇಡೀ ಹಾಲಿಗೆ ಕೇಳಿತು.

ಕ್ಲಬ್ಬು ಎರಡು ವಾರ ಕಾದಿತು. ಅದೂ ದೊಡ್ಡದೇ.
ವಿಮಾನ ನಿಲ್ದಾಣ ಇದೇ ದ್ವೀಪದಲ್ಲಿದೆ;
ಇಪ್ಪತ್ತಮೂರರ ಕ್ಯೂಬಾದ ಹುಡುಗ ಬಂದಿಳಿದ ವಿಮಾನ
ಇವನ ಕಿಟಕಿಯ ಮೇಲಿಂದಲೇ ಹೋಗಿರಬೇಕು.

ಹೊರಡುವ ರಾತ್ರಿ ಹಾಲಿಗೆ ಬಂದ, ಲಾಕರಿನ ಕೀಲಿ ಕೊಡಲು.
ಕೊಟ್ಟು, ನಿಂತ.
‘ಇಪ್ಪತ್ತೊಂದು ವರ್ಷ ಎತ್ತಿಕೊಟ್ಟೆ.
ನನಗೊಂದು ಎತ್ತಿಕೊಡು.’
ಮಾಪು ಗೋಡೆಗೊರಗಿಸಿದೆ.
ನನ್ನ ಬೆರಳಿನಿಂದ ಚೆಂಡು
ಒದ್ದ ತೆಂಗಿನಕಾಯಿಯ ಹಾಗೆ ಎದ್ದಿತು, ವಾಲಿತು.
ಅವನು ಜಿಗಿಯಲಿಲ್ಲ, ಜಿಗಿಯುವಂತಿರಲಿಲ್ಲ,
ನಿಂತಲ್ಲಿಂದಲೇ ಬೀಸಿದ.
ನೆಟ್ಟಿಗೆ.

ಜೋರಾಗಿ ನಕ್ಕ. ನಾನು ನಗಲಾರದೆ,
ಅಭ್ಯಾಸಬಲದಿಂದ, ಬಟ್ಟೆ ಹಿಡಿದು ಓಡಿ
ಅವನ ಕಾಲ ಬಳಿ ಕೂತು ಒರೆಸತೊಡಗಿದೆ.
ಮೂರು ಮೀಟರ್ ಗೆರೆಯ ಒಳಗೆ, ಬಲಕ್ಕೆ.
ಒರೆಸಿದ್ದನ್ನೇ ಒರೆಸಿದೆ.

‘ಇಜೆ,’ ಎಂದ ಮೇಲಿನಿಂದ,
‘ಅಲ್ಲಿ ಒಣಗಿದೆ.’

ಬ್ಯಾಗು ಹೆಗಲಿಗೇರಿಸಿ ಬಾಗಿಲ ಕಡೆ ನಡೆದ,
ಎಡಗಾಲು ಒಂದಿಷ್ಟು ತಡವಾಗಿ.
ಅವನು ರಸ್ತೆ ದಾಟುವವರೆಗೂ
ನಾನು ಲೈಟು ಆರಿಸಲಿಲ್ಲ.