ಅರವತ್ತಾರು ಪಾಯಿಂಟ್ ಏಳು

ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದ ಹೊತ್ತು
ಹಾರನ್ನುಗಳ ನಡುವೆ ಮೆಟ್ಟಿಲು ಹತ್ತಿ ಬಂದರು
ಮಂಡಕ್ಕಿ ಭಟ್ಟಿಯ ಇಮಾಮ್‌ಸಾಬರು.
ರೆಪ್ಪೆಯ ಮೇಲೆ ಸಣ್ಣಗೆ ಮಸಿ,
ಕಂಕುಳಲ್ಲಿ ಹಳೇ ಕ್ಯಾಲೆಂಡರಿನೊಳಗೆ ಸುತ್ತಿದ ಫೋಟೋ:
ಕಾಟನ್ ಮಿಲ್ಲಿನ ರಾತ್ರಿ ಪಾಳಿ, ನೂರಾ ಹನ್ನೆರಡು ಮಂದಿ,
ಮುಂದಿನವರು ನೆಲದ ಮೇಲೆ, ಹಿಂದಿನವರು ಬೆಂಚಿನ ಮೇಲೆ,
ಎಲ್ಲರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿ.

"ಮೂರನೇ ಸಾಲಿನಾಗ ನಮ್ಮಪ್ಪ ಅದಾನಮ್ಮ.
ಮಕ ಅಷ್ಟ ತಗದು ದೊಡ್ಡದು ಮಾಡಿಕೊಡು.
ಮನ್ಯಾಗ ಬ್ಯಾರೆ ಒಂದೂ ಇಲ್ಲ."

ನನ್ನ ಕಂಟ್ರೋಲ್ ಗುಂಡಿಯ ಅಕ್ಷರ ಸವೆದು ಹೋಗಿದೆ,
ಹನ್ನೊಂದು ವರ್ಷ ಕಿರುಬೆರಳು ತಿಂದು.
ಕೆಲಸ ಕಲಿಸಿದ ತಿಪ್ಪೇಶಣ್ಣ ಹೇಳುತ್ತಿದ್ದರು:
"ನೋಡು ಹಾಲವ್ವ, ನೂರು ಅಂದ್ರೆ ನೂರು.
ಚುಕ್ಕಿಗೆ ಚುಕ್ಕಿ ಲೆಕ್ಕ.
ಅರವತ್ತಾರು ಪಾಯಿಂಟ್ ಏಳು ಅಂತ ಬರ್ತದಲ್ಲ,
ಅದನ್ನ ಮಾತ್ರ ನಂಬಬೇಡ,
ತೂತಾದ ಸೇರಿನಾಗೆ ಅಳೆದಂಗೆ."

ನೂರರಲ್ಲಿ ಮುಖ ಹೆಸರುಕಾಳಿನಷ್ಟು.
ಇನ್ನೂರರಲ್ಲಿ ಒಂದು ಮೀಸೆ.
ನಾನೂರರಲ್ಲಿ ಅದು ಮೀಸೆಯೋ ಮೂಗಿನ ನೆರಳೋ.
ಎಂಟುನೂರರಲ್ಲಿ ಟೋಪಿಯ ಅಂಚು ಹಣೆಯೊಳಗೆ ಕರಗಿತು.
ಸಾವಿರದ ಆರುನೂರು,
ಅಲ್ಲಿಂದಾಚೆಗೆ ಮನುಷ್ಯರಿಲ್ಲ,
ಚೌಕಗಳಿವೆ:
ಬೂದಿ, ಇಟ್ಟಿಗೆ, ಆರಿದ ಚಹಾದ ಬಣ್ಣ.

ಸಾಬರು ಪರದೆಗೆ ಮೂಗು ತಾಗುವಷ್ಟು ಬಾಗಿದರು.
ಬಿಸಿ ಮರಳು ಸೋಸಿ ಜರಡಿಯಲ್ಲುಳಿದ ಕಾಳನ್ನು
ಆರಿಸುವವರ ಹಾಗೆ
ಒಂದೊಂದನ್ನೇ ನೋಡಿದರು.
ಒಂದು ಚೌಕ ಮಾತ್ರ ಬಿಳಿ.
"ಇದು ಹಲ್ಲಾ? ನಗಾಕತ್ತಿದ್ನಾ?"

ಹಲ್ಲಿರಬಹುದು.
ಗಡ್ಡಕ್ಕೆ ಹತ್ತಿದ ಹತ್ತಿ ಇರಬಹುದು.
ಕಾಗದವನ್ನು ಜಿರಲೆ ಕಚ್ಚಿದ ಗುರುತೂ ಇರಬಹುದು.

ಬರೆದು ಕೊಡಬಲ್ಲೆ, ಹೊಟ್ಟೆಪಾಡೇ ಅದು:
ನಿಮ್ಮ ಕಣ್ಣು, ನಿಮ್ಮ ತಮ್ಮನ ದವಡೆ, ಯಾರದೋ ಮೂಗು.
ಈ ಊರಿನ ಎಷ್ಟೋ ಗೋಡೆಗಳ ಮೇಲೆ
ನಾನು ಬರೆದ ಹಿರಿಯರು
ಊದಿನಕಡ್ಡಿ ಹೊಗೆ ಕುಡಿಯುತ್ತ ಕೂತಿದ್ದಾರೆ.
ಹೇಳಿದೆ.
"ಅವ ನಾನಾಗ್ತೀನಮ್ಮ," ಅಂದರು,
"ನನ್ನ ಮಕ ನನಗ ಗೊತ್ತೈತಿ. ಹಿಂದಕ್ಕ ಹೋಗು."

ಎಂಟುನೂರು. ನಾನೂರು. "ಇನ್ನೂ."
ನೂರಕ್ಕೆ ಬಂದು ಬೆರಳು ತಾನಾಗಿ ನಿಂತಿತು.
"ಇನ್ನೊಂದು ಚೂರು."
ಒಂದೇ ಮೆಟ್ಟಿಲು ಇಳಿದೆ.

"ನಿಲ್ಲು!
ಹೂಂ, ಇವನ. ಇವನ ನೋಡು.
ಬಲಗಾಲಿಗೆ ಆಣಿ ಇತ್ತು,
ಎಡಗಾಲ ಮ್ಯಾಲೆ ಭಾರ ಹಾಕಿ ಹಿಂಗ ನಿಲ್ತಿದ್ದ."
ತೋರಿಸಲು ತಾವೂ ಹಾಗೇ ನಿಂತರು
ನನ್ನ ಪ್ರಿಂಟರಿನ ಪಕ್ಕ, ಒಂದು ಹೆಗಲು ತಗ್ಗಿಸಿ.
ಪರದೆಯಲ್ಲಿ ಆ ಹೆಗಲ ಮೇಲೊಂದು ಕೈ.
"ಈ ಕೈ ಉಚ್ಚಂಗೆಪ್ಪಂದು.
ಸಾಯೋತನ ನಮ್ಮಪ್ಪಗ ಎಂಟಾಣೆ ಕೊಡಲಿಲ್ಲ."

ಮೂಲೆಯ ಅಂಕಿ ನೋಡಿದೆ.
ತೂತಾದ ಸೇರು.

ಕೈ ಬಿಟ್ಟು ಕತ್ತರಿಸಲು ನೋಡಿದೆ, ಹೆಗಲು ಹರಿಯಿತು.
ಕೈ ಇಟ್ಟುಕೊಂಡರೆ ತೋಳು ಬಂತು,
ತೋಳು ಹಿಡಿದು ಉಚ್ಚಂಗೆಪ್ಪನೂ ಬಂದ
ಮೇಲಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು.
"ಇರ್ಲಿ ಬಿಡು," ಸಾಬರು ನಕ್ಕರು,
"ರೊಕ್ಕ ಕೊಡೋತನ ಅಲ್ಲೇ ನಿಂತಿರ್ಲಿ."
ಮುಖಗಳು ಕಾಳಿನಷ್ಟೇ ಉಳಿದವು.
ನೂರಾ ಇಪ್ಪತ್ತು ರೂಪಾಯಿ, ಲ್ಯಾಮಿನೇಷನ್ ಸೇರಿ.

ಅವರು ಇಳಿದು ಹೋದ ಮೇಲೆ ಮೂಲ ಫೈಲು ಮುಚ್ಚಿದೆ.
ಉಳಿಸಲೇ ಎಂದು ಅದು ಕೇಳಲಿಲ್ಲ.
ಹತ್ತಿರ ಹೋದದ್ದು, ಹಿಂದೆ ಸರಿದದ್ದು
ಅದರ ಪ್ರಕಾರ ಬದಲಾವಣೆಯಲ್ಲ.

ಕಿಟಕಿಯಲ್ಲಿ ಕಂಡರು ಇಮಾಮ್‌ಸಾಬರು.
ಗೇಟು ಎದ್ದಿತ್ತು, ಆಟೋಗಳು ಎರಡೂ ಬದಿಯಿಂದ ನುಗ್ಗಿದ್ದವು.
ಫೋಟೋವನ್ನು ಕೈಯಳತೆ ದೂರ ಹಿಡಿದು
ಇನ್ನೂ ಒಂದು ಗೇಣು ದೂರ ಬೇಕಿತ್ತೇನೋ,
ಕೈ ಸಾಲದೆ ನಿಂತಿದ್ದರು.